ಒಂದೇ ಎದೆಯ ಅಪ್ಪಂದಿರು

ಮಕ್ಕಳ ನಿಲಯದಲ್ಲಿ ಕೆಲಸಕ್ಕೆ ಸೇರುವ ಹುಡುಗಿಯರಿಗೆ ಈಗ ಮೈಸೂರಿನಲ್ಲಿ ತರಬೇತಿ ಕೊಡುತ್ತಾರಂತೆ. ಹೊಸ ಮಗು ಬಂದ ಕೂಡಲೇ ಅದರ ಎದುರು ಮಂಡಿಯೂರಿ ಕೂರಬೇಕು, ಹೆಗಲ ಮೇಲೆ ಕೈ ಇಡಬೇಕು, ಮೆಲುದನಿಯಲ್ಲಿ ಹೆಸರು ಕೇಳಬೇಕು ಎಂದೆಲ್ಲ ಹೇಳಿಕೊಡುತ್ತಾರಂತೆ. ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ತಲೆ ನೋಡಿ. ದುಃಖ ಇದ್ದಲ್ಲೇ ಇರುತ್ತದೆ, ಹೇನು ಹಾಗಲ್ಲ. ಸಂಜೆಯೊಳಗೆ ಎಲ್ಲ ಹಾಸಿಗೆ ಸುತ್ತಿ ಬೆಳಗಾಗುವಷ್ಟರಲ್ಲಿ ನಿಮ್ಮ ಜಡೆಯಲ್ಲೂ ಇರುತ್ತದೆ.

ನಾನು ಸಣ್ಣಮ್ಮ. ಓದಿದ್ದು ನಾಲ್ಕನೇ ಕ್ಲಾಸು. ನನ್ನ ಕೆಲಸದಲ್ಲಿ ಬಡ್ತಿ ಸಿಕ್ಕಿದ್ದು ಒಂದೇ ಸಲ. ಅಲ್ಲಿಯ ತನಕ ಆಯಾ ಎನ್ನುತ್ತಿದ್ದವರು ಒಂದು ದಿನ 'ಹೌಸ್ ಮದರ್' ಎಂದು ರೂಮಿನ ಮುಂದೆ ಬೋರ್ಡು ಹಾಕಿದರು. ಪೊರಕೆ ಅದೇ ಇತ್ತು. ಹಾಗಾಗಿ ಬಡ್ತಿಯ ವಿಷಯ ಇಲ್ಲಿಗೆ ಮುಗಿಯಿತು. ನಾನು ಹೇಳಬೇಕಾದದ್ದು ನಾನು ಕೆಲಸ ಮಾಡಿದ ನಿಲಯದ ವಿಷಯ, ಅಲ್ಲಿನ ಗೋಡೆಯ ಮೇಲಿದ್ದ ಅಪ್ಪಂದಿರ ವಿಷಯ, ಮತ್ತು ಆ ಗೋಡೆಗೆ ನಾನು ಹಾಕದೆ ಉಳಿಸಿಕೊಂಡ ಒಂದು ಫೋಟೋದ ವಿಷಯ.

ಕಾರ್ಗಿಲ್ ಯುದ್ಧ ಮುಗಿದ ವರ್ಷ ನಮ್ಮ ಕಡೆ ದೇಶಭಕ್ತಿಯ ಬೆಳೆ ಚೆನ್ನಾಗಿ ಬಂದಿತ್ತು. ಆಟೋಗಳ ಮೇಲೆ ಬಾವುಟ, ಸಲೂನಿನಲ್ಲಿ ಬಾವುಟ, ಬಾಳೆಹಣ್ಣಿನ ಗಾಡಿಯ ಮೇಲೂ ಬಾವುಟ. ಒಂದು ರೈಸ್‌ಮಿಲ್ಲಿನ ಯಜಮಾನರಿಗೆ ತಾವೂ ಏನಾದರೂ ಮಾಡಬೇಕೆನ್ನಿಸಿತು. ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ ಅವರದೊಂದು ಹಳೆಯ ಗೋಡೌನು ಇಲಿ ಸಾಕಿಕೊಂಡು ಬಿದ್ದಿತ್ತು. ಅದಕ್ಕೆ ಸುಣ್ಣ ಹೊಡೆಸಿ 'ವೀರಯೋಧರ ಮಕ್ಕಳ ನಿಲಯ' ಮಾಡಿದರು. ಮಂಚ ಬಂತು, ತಟ್ಟೆ ಲೋಟ ಬಂತು, ಉದ್ಘಾಟನೆಗೆ ದಿನ ಗೊತ್ತಾಯಿತು. ಮಕ್ಕಳೇ ಇರಲಿಲ್ಲ.

ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸು ಕವಲಂದೆಯ ಆಚೆಗಿನ ಒಂದು ಹಳ್ಳಿಯಲ್ಲಿದ್ದಾಳೆಂದು ಕೇಳಿ ಯಜಮಾನರು ಕಾರಿನಲ್ಲಿ ಹೋದರು. ಅವಳು ಸಗಣಿ ಬಾಚುತ್ತಿದ್ದವಳು ಕೈ ಕೂಡ ತೊಳೆಯದೆ ಎದುರು ನಿಂತಳಂತೆ.

"ಸತ್ತಿರೋನು ನನ್ ಗಂಡ ಕಣ್ರೀ, ನಾನಲ್ಲ. ನನ್ ಮಕ್ಳುನ್ನ ಯಾಕ್ರೀ ನಿಮ್ ಗೋಡೌನಿಗೆ ತುಂಬ್ಲಿ?"

ಯಜಮಾನರು ಸಪ್ಪೆ ಮುಖ ಹಾಕಿಕೊಂಡು ವಾಪಸು ಬಂದರು. ಆಗ ದಾರಿ ತೋರಿಸಿದವರು ನಿಲಯದ ಸೆಕ್ರೆಟರಿ. ಅವರು ಮೊದಲು ಜೀವವಿಮೆ ಮಾಡಿಸುತ್ತಿದ್ದವರು. ಇನ್ನೊಬ್ಬರ ಸಾವಿನ ವಿಷಯದಲ್ಲಿ ಒಳ್ಳೆಯ ಅನುಭವವಿತ್ತು.

"ಯಜಮಾನ್ರೇ, ಜೀವನಾನೇ ಒಂದು ಯುದ್ಧ ಅಲ್ವಾ? ಅದ್ರಲ್ಲಿ ಸತ್ತೋರ್ ಮಕ್ಳು ಬೇಕಾದಷ್ಟವ್ರೆ, ಬುಡಿ" ಅಂದರು.

ಹಾಗೆ ಮಕ್ಕಳು ಬಂದವು. ಕಲ್ಲು ಕ್ವಾರಿಯಲ್ಲಿ ಸಿಡಿದು ಸತ್ತವನ ಮಗ ಸಿದ್ದ ಬಂದ. ಹಾವು ಕಚ್ಚಿ ಸತ್ತವನ ಮಕ್ಕಳು ಬಂದರು. ಬದುಕಿದ್ದೂ ಬನ್ನೂರಿನಲ್ಲಿ ಇನ್ನೊಂದು ಮದುವೆಯಾಗಿ ಕಬ್ಬಿನ ಲೋಡು ಹೊಡೆದುಕೊಂಡಿದ್ದವನ ಮಗನೂ ಬಂದ. ಸೆಕ್ರೆಟರಿ ಆ ಅಪ್ಪನನ್ನೂ ಹುತಾತ್ಮ ಮಾಡಿದರು. ಹಸಿದ ಮಕ್ಕಳು, ದಿಕ್ಕಿಲ್ಲದ ಮಕ್ಕಳು, ಅದರಲ್ಲಿ ಸುಳ್ಳಿರಲಿಲ್ಲ. ಅವುಗಳಿಗೆ ಅನ್ನ ಹಾಕಲು ಇಷ್ಟು ದೊಡ್ಡ ನಾಟಕ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ಬರೀ ಹಸಿದ ಮಗುವನ್ನು ನೋಡಲು ಯಾರು ಕಾರು ಹಾಕಿಕೊಂಡು ಬರುತ್ತಾರೆ ಹೇಳಿ?

ಇನ್ನು ನನ್ನ ಮನೆಯ ವಿಷಯ.

ನನಗೆ ಒಬ್ಬನೇ ತಮ್ಮ, ಮಾದೇವ. ಮಿಲಿಟರಿಗೆ ಸೇರಿದ ಸ್ವಲ್ಪ ಕಾಲಕ್ಕೇ ಅವನನ್ನು ಶ್ರೀಲಂಕಾಕ್ಕೆ ಕಳಿಸಿದರು. ಅಲ್ಲಿ ಶಾಂತಿ ಕಾಪಾಡಲು ಹೋಗಿದ್ದೆ ಅನ್ನುತ್ತಿದ್ದ. ಬಂದೂಕು ಹಿಡಿದು ಕಾಪಾಡುವ ಶಾಂತಿ ಎಂಥದ್ದೋ ನನಗೆ ತಿಳಿಯದು. ವಾಪಸು ಬಂದವನಲ್ಲಂತೂ ಅದರ ಚೂರೂ ಇರಲಿಲ್ಲ. ಕಾಯಿಲೆ ಎಂದು ಹೇಳಿ ಊರಿಗೆ ಕಳಿಸಿಬಿಟ್ಟಿದ್ದರು. ಯಾರಾದರೂ ಬಾಗಿಲನ್ನು ಧಡಾರನೆ ಹಾಕಿದರೆ ನೆಲಕ್ಕೆ ಬಿದ್ದು ತಲೆ ಮುಚ್ಚಿಕೊಳ್ಳುತ್ತಿದ್ದ. ದೀಪಾವಳಿ ಬಂದರೆ ಕಬ್ಬಿನ ಗದ್ದೆಯೊಳಗೆ ಹೋಗಿ ಮಲಗುತ್ತಿದ್ದ. ಊರವರು 'ಲಂಕೆ ಮಾದೇವ' ಎಂದು ಹೆಸರಿಟ್ಟರು. ನಿದ್ದೆ ಬರಲೆಂದು ಕುಡಿಯಲು ಕಲಿತ, ಆಮೇಲೆ ಎದ್ದಿರಲೂ ಕುಡಿಯಬೇಕಾಯಿತು. ಹಾಗಿದ್ದವನನ್ನೂ ನರಸೀಪುರದ ಕಡೆಯ ಒಂದು ಹೆಣ್ಣು ಕಟ್ಟಿಕೊಂಡಿತು. ಒಂದು ಹೆಣ್ಣುಮಗು ಹೆತ್ತು, ಮಗು ನಡೆಯಲು ಕಲಿಯುವ ಮೊದಲೇ ತಾನು ಜ್ವರದಲ್ಲಿ ಹೋಯಿತು.

ಆಗ ನಾನು ನಂಜನಗೂಡಿನ ಒಂದು ನರ್ಸರಿ ಶಾಲೆಯಲ್ಲಿ ಆಯಾ. ಗಂಡ ಬಿಟ್ಟುಹೋಗಿದ್ದ. ಒಂದೇ ರೂಮಿನ ಬಾಡಿಗೆ ಮನೆ. ತಮ್ಮ ಕುಡಿದು ಬಿದ್ದಾಗಲೆಲ್ಲ ಮಗು ಶಿಲ್ಪ ನನ್ನ ಹತ್ತಿರ ಇರುತ್ತಿದ್ದಳು. ಅವನು ಬರುವ ರೀತಿ ನನಗೆ ಗೊತ್ತಿತ್ತು. ಮೆಲ್ಲಗೆ ಎರಡು ಸಲ ಬಾಗಿಲು ಬಡಿಯುವುದು, ಸ್ವಲ್ಪ ಕಾದು ಕೆಮ್ಮುವುದು. ಜೋರಾಗಿ ಬಡಿದರೆ ಅವನಿಗೇ ಭಯ.

ಕಾರ್ಗಿಲ್ ಗೆದ್ದ ಸುದ್ದಿ ಬಂದಾಗ ಪೇಟೆಯಲ್ಲಿ ಮೆರವಣಿಗೆ ಹೊರಟಿತು. ಸಂಜೆ ಬೀದಿಯುದ್ದಕ್ಕೂ ಸರಪಟಾಕಿ. ಆ ಗದ್ದಲದಲ್ಲೇ ನನ್ನ ಬಾಗಿಲ ಮೇಲೆ ಎರಡು ಏಟು, ಆಮೇಲೆ ಕೆಮ್ಮು. ಮನೆ ಓನರಮ್ಮ ಹಿಂದಿನ ವಾರವಷ್ಟೇ, ಆ ಕುಡುಕ ಇನ್ನೊಂದು ಸಲ ಬಂದರೆ ಗಂಟುಮೂಟೆ ಕಟ್ಟು ಎಂದಿದ್ದರು. ಮೂರು ವರ್ಷದ ಶಿಲ್ಪ 'ಅಪ್ಪ' ಅನ್ನುವಷ್ಟರಲ್ಲಿ ಅವಳ ಬಾಯಿಗೆ ಕೈ ಅಡ್ಡ ಇಟ್ಟೆ.

"ಅಕ್ಕಾ, ಒಸಿ ಬಾಗ್ಲು ತಗಿ. ಪಟಾಕಿ ನಿಲ್ಲೋಗಂಟ ಕುಂತಿದ್ದು ಒಂಟೋಯ್ತಿನಿ" ಅಂದ.

ನಾನು ತೆಗೆಯಲಿಲ್ಲ.

ಮರುದಿನ ಅವನು ಹೆಣವಾಗಿ ಕಬಿನಿ ನಾಲೆಯಲ್ಲಿ ಸಿಕ್ಕಿದ. ಕುಡಿದು ಬಿದ್ದ ಅಂದರು ಜನ. ಊರೆಲ್ಲ ಪಟಾಕಿ ಸಿಡಿಸಿ ಯೋಧರಿಗೆ ಗೌರವ ಸಲ್ಲಿಸುತ್ತಿದ್ದಾಗ ಒಬ್ಬ ಯೋಧ ಆ ಗೌರವಕ್ಕೆ ಹೆದರಿ ಓಡಿ ನೀರಿಗೆ ಬಿದ್ದ ಎಂದು ಯಾರೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ಅದಾದ ಮೇಲೆ ನಿಲಯದಲ್ಲಿ ಕೆಲಸ ಸಿಕ್ಕಿತು. ಊಟ, ಇರಲು ಜಾಗ ಎಲ್ಲ ಅಲ್ಲೇ. ಮಗುವನ್ನೂ ಕರೆತರಬೇಕೆಂದು ಮನಸ್ಸಿನಲ್ಲಿ ಲೆಕ್ಕ ಹಾಕಿಕೊಂಡೇ ಒಪ್ಪಿದೆ. ಆದರೆ ಮೊದಲ ದಿನವೇ ಯಜಮಾನರು ಎಲ್ಲರನ್ನೂ ನಿಲ್ಲಿಸಿ ಹೇಳಿದರು:

"ನೋಡಿ, ಕೆಲ್ಸದೋರು ಅಕ್ಕನ್ ಮಗ, ತಮ್ಮನ್ ಮಗ್ಳು ಅಂತ ತಂದು ತುಂಬ್ಕೂಡ್ದು. ಇದು ಅನಾಥಾಲಯ, ಅತ್ತೆ ಮನೆ ಅಲ್ಲ. ಇನ್ನೊಂದು, ಕುಡ್ದು ಸತ್ತೋರ ಮಕ್ಳು ಬ್ಯಾಡ. ಹೆಸ್ರು ಕೆಡ್ತದೆ."

ಎರಡು ಮಾತೂ ನನ್ನನ್ನೇ ನೋಡಿ ಹೇಳಿದ ಹಾಗಿತ್ತು. ನಾನು ಮಾಡಿದ್ದು ಇಷ್ಟು. ಶಿಲ್ಪಳನ್ನು ಕೂರಿಸಿಕೊಂಡು ಕೈಯಲ್ಲಿ ಬೆಲ್ಲದ ಚೂರು ಹಿಡಿದೆ.

"ಅತ್ತೆ ಅನ್ಬಾರ್ದು ಕಣವ್ವ. ಆಯಾ ಅನ್ಬೇಕು. ಏನನ್ಬೇಕು?"

"ಅತ್ತೆ."

ಬೆಲ್ಲ ಇಲ್ಲ.

"ಏನನ್ಬೇಕು?"

"ಆಯಾ."

ಬೆಲ್ಲ.

ಮಕ್ಕಳಿಗೆ ಕಲಿಸುವುದರಲ್ಲಿ ನಾನು ಗಟ್ಟಿಗಿತ್ತಿ. ಬೆಲ್ಲದ ಅಚ್ಚು ಮುಗಿಯುವ ಮೊದಲೇ ಅವಳು ಕಲಿತಳು. ಆಮೇಲೆ ಬನ್ನೂರು ಬಸ್‌ಸ್ಟ್ಯಾಂಡಿನಲ್ಲಿ ಅಳುತ್ತಾ ನಿಂತಿತ್ತು, ಯಾರ ಮಗುವೋ ತಿಳಿಯದು ಎಂದು ಹೇಳಿ ನಿಲಯಕ್ಕೆ ಕರೆತಂದೆ. ಸೆಕ್ರೆಟರಿ ಕನ್ನಡಕ ಏರಿಸಿ ನೋಡಿದರು.

"ಅಪ್ಪ ಯಾರು ಅಂತ ಗೊತ್ತಿಲ್ವಾ? ಬಾಳ ಒಳ್ಳೇದಾಯ್ತು. ಹಂಗಾದ್ರೆ ಯುದ್ಧದಲ್ಲಿ ಸತ್ತವ್ನೆ ಅಂತ ಮಡಿಕೊಳಾಣ" ಅಂದರು.

ಹೀಗೆ ಆ ನಿಲಯದಲ್ಲಿದ್ದ ಒಂದೇ ಒಂದು ಯೋಧನ ಮಗು, ಸುಳ್ಳು ಹೇಳಿ ಯೋಧನ ಮಗುವಾಗಿ ಸೇರಿತು.

ದಾನಿಗಳು ಬರಲು ಶುರುಮಾಡಿದ ಮೇಲೆ ಹೊಸ ತೊಂದರೆ ಎದುರಾಯಿತು. ಬಂದವರೆಲ್ಲ 'ಇವ್ರ ತಂದೆ ಫೋಟೋ ಇಲ್ವಾ?' ಎಂದು ಕೇಳುತ್ತಿದ್ದರು. ಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದ ರಾಜಣ್ಣನಿಗೆ ಕೆಲಸ ಬಂತು. ಅವನು ಬಾಡಿಗೆಗೆ ನಾಟಕದ ಡ್ರೆಸ್ಸು ಕೊಡುವ ಅಂಗಡಿಯಿಂದ ಒಂದು ಯೂನಿಫಾರಂ ತಂದ. ಅದನ್ನು ತೊಡಿಸಿ ತನ್ನ ಭಾವಮೈದುನನ ಎದೆಯ ಫೋಟೋ ಒಂದು ತೆಗೆದ. ಆಮೇಲೆ ಯಾವ ಅಪ್ಪನ ಮುಖ ಬಂದರೂ ಕತ್ತರಿಸಿ ಆ ಎದೆಯ ಮೇಲೆ ಅಂಟಿಸಿ, ಬ್ರಷ್ಷಿನಲ್ಲಿ ಕುತ್ತಿಗೆ ತೀಡಿ, ಮತ್ತೆ ಫೋಟೋ ಹೊಡೆದು ಕಟ್ಟು ಹಾಕಿಸಿ ಕೊಡುತ್ತಿದ್ದ. ಮದುವೆ ಫೋಟೋ, ರೇಷನ್ ಕಾರ್ಡಿನ ಫೋಟೋ, ಯಾವುದಾದರೂ ಸೈ. ಸಿದ್ದನ ಅಪ್ಪ ಮದುವೆ ಬಾಸಿಂಗದ ಗುರುತು ಹಣೆಯಲ್ಲಿಟ್ಟುಕೊಂಡೇ ಯುದ್ಧಕ್ಕೆ ಹೋದ. ಮುಖವೇ ಸಿಗದ ಅಪ್ಪಂದಿರಿಗೆ ರಾಜಣ್ಣ ತನ್ನ ಡ್ರಾಯರಿನಿಂದ, ಗಿರಾಕಿಗಳು ತೆಗೆದುಕೊಂಡು ಹೋಗದೆ ಬಿಟ್ಟ ಪಾಸ್‌ಪೋರ್ಟ್ ಸೈಜಿನ ಫೋಟೋ ಹುಡುಕಿ ಕೊಟ್ಟ. ಶಿಲ್ಪಳಿಗೆ ಅಂಥ ಒಬ್ಬ ಅಪ್ಪ ಸಿಕ್ಕಿದ. ನೋಡಲು ಚೆನ್ನಾಗಿದ್ದ, ಸಣ್ಣ ಮೀಸೆ, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ.

ಗೋಡೆಯ ಮೇಲೆ ಸಾಲಾಗಿ ಅಪ್ಪಂದಿರು, ಎಲ್ಲರದೂ ಒಂದೇ ಎದೆ. ಪ್ರತಿ ಬೆಳಿಗ್ಗೆ ಮಕ್ಕಳು ಅವರವರ ಅಪ್ಪನ ಕೆಳಗೆ ನಿಂತು ಸಲ್ಯೂಟ್ ಹೊಡೆಯಬೇಕು, ಆಮೇಲೆ ಉಪ್ಪಿಟ್ಟು.

ನನ್ನ ಟ್ರಂಕಿನಲ್ಲಿ, ಸೀರೆಯ ಮಡಿಕೆಯೊಳಗೆ ಮಾದೇವನ ಫೋಟೋ ಇತ್ತು. ಮಿಲಿಟರಿಗೆ ಸೇರಿದ ಹೊಸದರಲ್ಲಿ ತೆಗೆಸಿದ್ದು. ಬೂಟಿನ ತನಕ ಪೂರ್ತಿ ನಿಂತ ಫೋಟೋ. ಯೂನಿಫಾರಂ ಅವನಿಗೆ ಸಡಿಲವಾಗಿತ್ತು. ಮುಖ ಮಾತ್ರ ನನ್ನದೇ: ಅದೇ ಅಗಲ ಕಿವಿ, ಅದೇ ಮೊಂಡು ಮೂಗು. ಗೋಡೆಗೆ ಹಾಕಿದರೆ ನೋಡಿದವರೆಲ್ಲ ಸಣ್ಣಮ್ಮ ಯಾವಾಗ ಮಿಲಿಟರಿಗೆ ಸೇರಿದ್ದಳು ಎಂದು ಕೇಳಬೇಕು. ಇವತ್ತು ತೋರಿಸೋಣ, ಯುಗಾದಿಗೆ ತೋರಿಸೋಣ ಎಂದು ಇಟ್ಟೇ ಇದ್ದೆ.

ಒಂದು ಆಗಸ್ಟ್ ಹದಿನೈದಕ್ಕೆ ಮೈಸೂರಿನಿಂದ ಒಬ್ಬ ನಿವೃತ್ತ ಸುಬೇದಾರರನ್ನು ಮುಖ್ಯ ಅತಿಥಿಯಾಗಿ ಕರೆಸಿದರು. ನಾಟಕದ ಸೈನಿಕರ ನಡುವೆ ನಿಜವಾದ ಸೈನಿಕನನ್ನು ಕರೆಸುವ ಬುದ್ಧಿ ಯಾರಿಗೆ ಬಂತೋ. ಅವರು ಕೈ ಹಿಂದೆ ಕಟ್ಟಿಕೊಂಡು ಗೋಡೆಯ ಈ ತುದಿಯಿಂದ ಆ ತುದಿಗೆ ನಡೆದರು. ಮತ್ತೆ ಆ ತುದಿಯಿಂದ ಈ ತುದಿಗೆ ಬಂದರು.

"ಸೆಕ್ರೆಟರಿಗಳೇ, ಎಲ್ಲಾರ್ದೂ ಎಡಗಡೆ ಜೇಬಿನ ಗುಂಡಿ ಕಿತ್ತೋಗಿದೆಯಲ್ಲ?"

"ಯುದ್ಧದ ಅರ್ಜೆಂಟು ನೋಡಿ ಸಾ" ಅಂದರು ಸೆಕ್ರೆಟರಿ.

"ಹೆಗಲ್ ಮೇಲಿನ ಬೆಲ್ಟು ಪೊಲೀಸ್ರದ್ದು."

"ಕೊನೇ ಗಳಿಗೇಲಿ ಸಿಕ್ಕಿದ್ದು ಕಟ್ಕೊಂಡು ಹೋಗಿರ್ಬೇಕು ಸಾ."

ಸುಬೇದಾರರು ಭಾಷಣವನ್ನೂ ಮಾಡಲಿಲ್ಲ. ಮಜ್ಜಿಗೆ ಕುಡಿದು ಹೋದರು. ಆದರೆ ಆರೋ ಏಳೋ ವರ್ಷದ ಶಿಲ್ಪ ಮಾತು ಕೇಳಿಸಿಕೊಂಡಿದ್ದಳು. ಮರುದಿನ ನೋಡಿದರೆ ಸ್ಟೂಲು ಹತ್ತಿ, ಕಟ್ಟಿನ ಗಾಜು ಸರಿಸಿ, ಅಪ್ಪನ ಜೇಬಿಗೆ ನೀಲಿ ಬಾಲ್‌ಪೆನ್ನಿನಲ್ಲಿ ಒಂದು ಗುಂಡಿ ಬರೆದಿದ್ದಳು. ನಾನು ಗದರಿದೆ.

"ನಮ್ಮಪ್ಪುನ್ನ ಯಾರೂ ಬೈಬಾರ್ದು ಆಯಾ, ಅದ್ಕೆ" ಅಂದಳು.

ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ. ಸತ್ತವರ ಫೋಟೋ ಮುಂದೆ ಹೊಸ ಬಟ್ಟೆ ಇಟ್ಟು, ಅವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಯಲ್ಲಿ ಎಡೆ ಹಾಕುತ್ತೇವೆ. ಬೀಡಿ ಸೇದುವವರಾಗಿದ್ದರೆ ಬೀಡಿ, ಕುಡಿಯುವವರಾಗಿದ್ದರೆ ಅದೂ ಉಂಟು. ಆಮೇಲೆ ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುತ್ತೇವೆ. ಒಳಗೆ ಹೋಗುವ ಮುಂಚೆ ಬಾಗಿಲು ಬಡಿದು ಹೋಗಬೇಕು. ಉಣ್ಣುತ್ತಿರುವವರ ಮೇಲೆ ನುಗ್ಗಬಾರದು.

ಈ ಹಬ್ಬವನ್ನು ನಿಲಯಕ್ಕೆ ತಂದವಳು ನಾನು. ತಂದು ಕೆಟ್ಟೆ. ಅಪ್ಪನಿಗೆ ಏನಿಷ್ಟ ಎಂದು ಕೇಳಿದರೆ ಒಂದೊಂದು ಮಗುವೂ ತನ್ನ ಬಾಯಿಚಪಲವನ್ನೆಲ್ಲ ಅಪ್ಪನ ಮೇಲೆ ಹಾಕಿತು.

"ನಮ್ಮಪ್ಪಂಗೆ ಐಸ್‌ಕ್ಯಾಂಡಿ ಆಯಾ" ಅಂದ ಸಿದ್ದ. "ಆರೆಂಜ್ ಕಲರ್ದು."

"ಲೇ, ಕ್ವಾರಿ ಕೆಲ್ಸದೋನು ಐಸ್‌ಕ್ಯಾಂಡಿ ತಿಂತಿದ್ನೇನ್ಲಾ?"

"ಕ್ವಾರಿ ಅಲ್ಲ ಆಯಾ, ಬಾರ್ಡ್ರು. ಅಲ್ಲೆಲ್ಲಾ ಐಸೇ ಅಲ್ವಾ?"

ವೀರಯೋಧರ ಮುಂದೆ ಐಸ್‌ಕ್ಯಾಂಡಿ, ಬೋಂಡ, ಕಡಲೆಮಿಠಾಯಿ. ಬಾಗಿಲು ತೆಗೆಯುವಷ್ಟರಲ್ಲಿ ಸಿದ್ದನ ಅಪ್ಪನ ಎಲೆಯಿಂದ ಕಿತ್ತಳೆ ಬಣ್ಣದ ನೀರು ಹರಿದು ಪಕ್ಕದ ಹುತಾತ್ಮರ ಬೋಂಡ ನೆಂದಿತ್ತು. ಅದಕ್ಕೊಂದು ಜಗಳ.

ಶಿಲ್ಪ ನನ್ನ ಸೆರಗು ಎಳೆದಳು. "ನಮ್ಮಪ್ಪಂಗೆ ಏನಿಷ್ಟ ಆಯಾ?"

ನನಗೆ ಗೊತ್ತಿತ್ತು. ಹುರುಳಿಕಾಳಿನ ಬಸ್ಸಾರು ಇದ್ದರೆ ಮಾದೇವ ಮುದ್ದೆಯ ಮೇಲೆ ಮುದ್ದೆ ಇಳಿಸುತ್ತಿದ್ದ. "ನಂಗೆಂಗವ್ವ ಗೊತ್ತು? ನಿಂಗೇನಿಷ್ಟವೋ ಅದೇ ಮಡಗು" ಅಂದೆ. ಅವಳು ಕಡಲೆಪುರಿ ಇಟ್ಟಳು. ಆದರೆ ಆ ದಿನ ನಿಲಯದ ಅಡುಗೆ ನನ್ನ ಕೈಯಲ್ಲಿತ್ತು. ಅಷ್ಟೂ ಮಕ್ಕಳಿಗೆ ಹುರುಳಿ ಬಸ್ಸಾರು ಮಾಡಿದೆ. ಪ್ರತಿ ವರ್ಷವೂ ಮಾಡಿದೆ. ಹಬ್ಬದ ದಿನ ಹುರುಳಿ ಸಾರಾ ಎಂದು ಮಕ್ಕಳು ಪ್ರತಿ ವರ್ಷವೂ ಬೈದುಕೊಂಡವು. ಬಾಗಿಲು ತೆಗೆಯದ ಅಕ್ಕ ತಮ್ಮನಿಗೆ ಬಡಿಸಿದ ರೀತಿ ಅದು: ಎಲ್ಲರ ತಟ್ಟೆಗೂ ಹಾಕಿ, ಯಾರಿಗೂ ಹೇಳದೆ.

ಮುಂದೆ ಕಾಲ ಬದಲಾಯಿತು. ಮೊದಲೆಲ್ಲ ಮಗು ಹಟ ಮಾಡಿದರೆ ಒಂದೇಟು, ಹಾಸಿಗೆ ಒದ್ದೆ ಮಾಡಿದರೆ ಎರಡೇಟು ಎಂಬ ಪದ್ಧತಿ ಇತ್ತು. ಆಮೇಲೆ ಹೊಡೆಯಬಾರದು, ಕೌನ್ಸೆಲಿಂಗ್ ಮಾಡಬೇಕು ಎಂದಾಯಿತು. ಒಳ್ಳೆಯದೇ. ಹೊಡೆದು ನಾನು ಸಾಧಿಸಿದ್ದು ಏನೂ ಇಲ್ಲ, ಅಂಗೈ ಉರಿ ಬಿಟ್ಟರೆ. ಕೌನ್ಸೆಲಿಂಗ್ ಮಾಡಲು ಬೆಂಗಳೂರಿನಿಂದ ಒಬ್ಬ ಮೇಡಂ ಬಂದರು. ಬಿಳಿ ಹಾಳೆ, ಬಣ್ಣದ ಕಡ್ಡಿ ಹಂಚಿ, ನಿಮ್ಮ ತಂದೆಯ ಚಿತ್ರ ಬರೆಯಿರಿ ಎಂದರು. ಎಲ್ಲ ಮಕ್ಕಳೂ ಬರೆದವು. ಮೇಡಂ ಒಂದೊಂದೇ ಹಾಳೆ ಎತ್ತಿ ನೋಡಿ ಕಣ್ಣು ಒರೆಸಿಕೊಂಡರು. ಒಬ್ಬ ಅಪ್ಪನಿಗೂ ಕಾಲಿರಲಿಲ್ಲ.

"ನೋಡಿ, ಯುದ್ಧ ಈ ಕಂದಮ್ಮಗಳ ಮನಸ್ಸನ್ನ ಎಷ್ಟು ಘಾಸಿ ಮಾಡಿದೆ! ಎಲ್ಲರೂ ಕಾಲು ಕಳೆದುಕೊಂಡ ತಂದೇನೇ ಬರೆದಿದ್ದಾರೆ" ಅಂದರು.

ಸೆಕ್ರೆಟರಿ ತಲೆ ತಗ್ಗಿಸಿ ನಿಂತರು. ನಗು ತಡೆಯಲು ಇರಬೇಕು. ಮಕ್ಕಳು ನೋಡಿದ್ದನ್ನೇ ಬರೆದಿದ್ದವು. ರಾಜಣ್ಣನ ಫೋಟೋ ಎದೆಗೇ ನಿಲ್ಲುತ್ತಿತ್ತು, ಅದರ ಕೆಳಗೆ ಅಪ್ಪ ಇರಲಿಲ್ಲ.

ಆ ಸಂಜೆ ಶಿಲ್ಪಳ ತಲೆ ಬಾಚುತ್ತಿದ್ದೆ. "ಆಯಾ, ನಮ್ಮಪ್ಪಂಗೆ ಕಾಲಿತ್ತಾ?" ಎಂದು ಕೇಳಿದಳು.

ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನರಸೀಪುರದ ಸಂಗಮದಲ್ಲಿ ಮೊಣಕಾಲುದ್ದ ನೀರಿಗೆ ಇಳಿಯುತ್ತಿದ್ದ ಕಾಲು ಅದು. ನನ್ನ ಟ್ರಂಕಿನಲ್ಲಿ ಬೂಟು ಹಾಕಿಕೊಂಡು ನಿಂತಿದ್ದ ಕಾಲು. ಮಗು ಕೇಳಿತ್ತು, ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. "ತಲೆ ಅಲ್ಲಾಡಿಸ್ಬ್ಯಾಡ, ಬೈತಲೆ ಸೊಟ್ಟ ಆಯ್ತದೆ" ಅಂದೆ.

ಯುದ್ಧ ಮುಗಿದು ಕೆಲವು ವರ್ಷಕ್ಕೆ ದೇಶಭಕ್ತಿ ಹಳಸಿತು. ಹಿಂದೆ ಸ್ವಾತಂತ್ರ್ಯ ದಿನಕ್ಕೆ ನಾಲ್ಕು ಕಡೆಯಿಂದ ಕೇಸರಿಬಾತು ಬಂದು ಮಕ್ಕಳಿಗೆ ಭೇದಿಯಾಗುತ್ತಿತ್ತು. ಈಗ ಸಕ್ಕರೆಗೂ ಪರದಾಟ. ಅಷ್ಟರಲ್ಲಿ ಸುನಾಮಿ ಬಂತು. ಟಿವಿಯಲ್ಲೆಲ್ಲ ಸಮುದ್ರ. ಜನರ ಕಣ್ಣೀರೂ ಕಾಸೂ ಆ ಕಡೆ ಹರಿಯುವುದನ್ನು ಸೆಕ್ರೆಟರಿ ನೋಡಿದರು. ಒಂದು ಬೆಳಿಗ್ಗೆ ರಾಜಣ್ಣನನ್ನು ಕರೆಸಿದರು. ಅವನ ಹತ್ತಿರ ಆಗ ಕತ್ತರಿ, ಬ್ರಷ್ಷು ಹೋಗಿ ಕಂಪ್ಯೂಟರು ಬಂದಿತ್ತು.

"ರಾಜಣ್ಣ, ಇವ್ರ ಯೂನಿಫಾರಂ ಎಲ್ಲಾ ತಗ್ದಾಕಿ ಲುಂಗ್ಯೋ ಬನಿಯನ್ನೋ ಹಾಕಕಾಯ್ತದಾ?"

"ಹಿಂದ್ಗಡೆ ದೋಣಿ ಬೇಕಾದ್ರೂ ನಿಲ್ಲಿಸ್ತೀನಿ ಬುಡಿ ಸಾ. ಎದೆವರ್ಗೆ ತಾನೆ ಕಾಣೋದು, ಲುಂಗಿ ಯಾಕೆ ದಂಡ?"

ನಂಜನಗೂಡಿನ ಮಕ್ಕಳನ್ನು ಸಮುದ್ರದ ಅನಾಥರನ್ನಾಗಿ ಮಾಡುವ ಕೆಲಸ ಶುರುವಾಯಿತು. ಮಕ್ಕಳಿಗೇನೂ ಬೇಸರವಿರಲಿಲ್ಲ. ಬೆಳಗಿನ ಸಲ್ಯೂಟ್ ತಪ್ಪಿತು ಎಂದು ಸಿದ್ದ ಖುಷಿಪಟ್ಟ. ಶಿಲ್ಪ ಮಾತ್ರ ತನ್ನ ಅಪ್ಪನನ್ನು ಮೊಳೆಯಿಂದ ಇಳಿಸಿ ಎದೆಗೆ ಅವುಚಿಕೊಂಡು ಮೂಲೆ ಸೇರಿದಳು.

"ನಮ್ಮಪ್ಪನ್ ಬಟ್ಟೆ ಬಿಚ್ಚಬ್ಯಾಡಿ!"

ಸೆಕ್ರೆಟರಿ ಕಟ್ಟು ಕಿತ್ತುಕೊಳ್ಳಲು ಹೋದರು. ಅವಳು ಅವರ ಕೈಯನ್ನು ಕಚ್ಚಿದಳು, ರಕ್ತ ಬರುವ ಹಾಗೆ. ಅವರು ಅಯ್ಯಯ್ಯೋ ಎಂದು ಕೈ ಒದರುತ್ತಾ ನನ್ನ ಕಡೆ ತಿರುಗಿದರು.

"ಏನಮ್ಮ ಸಣ್ಣಮ್ಮ, ಈ ಪಿಶಾಚೀನ ತಂದೋಳು ನೀನೇ ತಾನೆ? ಇದ್ರಪ್ಪ ಯಾವ ಸೋಲ್ಜರೂ ಅಲ್ಲ ಅಂತ ಹೇಳು ಇದಕ್ಕೆ."

ಮಕ್ಕಳೆಲ್ಲ ನನ್ನನ್ನೇ ನೋಡಿದವು. ಶಿಲ್ಪಳೂ ನೋಡಿದಳು. "ಆಯಾ, ನೀನೇ ಹೇಳು. ನಮ್ಮಪ್ಪ ಸೋಲ್ಜರ್ ತಾನೆ?"

ಹೌದು ಕಣವ್ವ ಎಂದರೆ ಸಾಕಾಗಿತ್ತು. ನನ್ನ ನಾಲ್ಕನೇ ಕ್ಲಾಸಿಗೂ ಬರುವ ಮಾತು ಅದು. ಆದರೆ ಹೌದು ಎಂದರೆ ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತಿತ್ತು, ಟ್ರಂಕು ತೆರೆಯಬೇಕಾಗುತ್ತಿತ್ತು, ಮರುದಿನ ನಾವಿಬ್ಬರೂ ಬೀದಿಯಲ್ಲಿರುತ್ತಿದ್ದೆವು. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ ನಾನು ಅಷ್ಟು ದೂರ ಯೋಚಿಸಿರಲಿಲ್ಲ. ಮಾದೇವ ಬಾಗಿಲು ಬಡಿದ ದಿನ ಕೈ ಹೇಗೆ ತಾನಾಗಿ ಮಗುವಿನ ಬಾಯಿಗೆ ಹೋಯಿತೋ, ಇವತ್ತು ಮಾತು ಹಾಗೆ ತಾನಾಗಿ ಬಂತು.

"ನಂಗೇನ್ ಗೊತ್ತವ್ವ? ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ದು ನೀನು."

ಅದು ಅವಳಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ. ಅಳಲಿಲ್ಲ. ಎದ್ದು, ಫೋಟೋವನ್ನು ಅದರ ಮೊಳೆಗೇ ನೇತು ಹಾಕಿ ಹೊರಗೆ ಹೋದಳು.

ಸೆಕ್ರೆಟರಿ ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಬಂದವರು ಆ ಮೊಳೆಯ ಹತ್ತಿರ ಮತ್ತೆ ಸುಳಿಯಲಿಲ್ಲ. "ಇದೊಂದು ಸೋಲ್ಜರ್ ಇರ್ಲಿ. ರಜಕ್ಕೆ ಬಂದಿದ್ದ, ಅಲೆ ಹೊತ್ಕೊಂಡೋಯ್ತು ಅನ್ನಾಣ" ಅಂದರು. ಸಾಲುಸಾಲು ಬೆಸ್ತರ ನಡುವೆ ಒಬ್ಬನೇ ಯೋಧ ಉಳಿದ, ಜೇಬಿಗೆ ನೀಲಿ ಗುಂಡಿ ಹಾಕಿಕೊಂಡು. ಆ ಯೋಧ ಸುಳ್ಳು, ಅವನ ಮಗಳು ಮಾತ್ರ ನಿಜ.

ಸುನಾಮಿಯ ಕಾಸು ನಮ್ಮ ಗೋಡೌನಿನ ತನಕ ಹರಿದು ಬರಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ಅವರ ಮಗ ನಿಲಯ ಮುಚ್ಚಿ ಕಲ್ಯಾಣ ಮಂಟಪ ಮಾಡಿದ. ಮಕ್ಕಳನ್ನು ಅಲ್ಲಲ್ಲಿ ಹಾಸ್ಟೆಲುಗಳಿಗೆ ಸೇರಿಸಿದರು. ಹೋಗುವಾಗ ಅವರವರ ಅಪ್ಪನನ್ನು ಮೊಳೆಯಿಂದ ಇಳಿಸಿಕೊಂಡು ಹೋದರು. ಶಿಲ್ಪಳಿಗೆ ನರಸೀಪುರದಲ್ಲಿ ಜಾಗ ಸಿಕ್ಕಿತು. ನನ್ನ ನಿವೃತ್ತಿ ಎಂದರೆ ಅದೇ: ಬೀಗ ಹಾಕಿದ ಬಾಗಿಲು, ದಾನಿಗಳು ಕೊಟ್ಟಿದ್ದರಲ್ಲಿ ಉಳಿದ ಎರಡು ಕಂಬಳಿ. ಕಳಲೆಯ ಪಕ್ಕದ ನಮ್ಮ ಹಳ್ಳಿಗೆ ಬಂದೆ. ಟ್ರಂಕೂ ಬಂತು.

ಕೆಲಸವೂ ಇಲ್ಲ, ಕಳೆದುಕೊಳ್ಳುವ ಭಯವೂ ಇಲ್ಲ. ನೆಪಗಳು ಒಂದೊಂದಾಗಿ ತೀರಿಹೋದವು. ಅವಳು ಹೈಸ್ಕೂಲಿಗೆ ಹೋಗುತ್ತಿದ್ದ ಒಂದು ವರ್ಷ ಹಿರಿಯರ ಹಬ್ಬಕ್ಕೆ ಹಾಸ್ಟೆಲಿನಿಂದ ಕರೆದುಕೊಂಡು ಬಂದೆ. ಹಳೆಯ ಆಯಾ ಎಂದು ವಾರ್ಡನ್ ಕಳಿಸಿಕೊಟ್ಟರು. ಅವಳು ಒಳಗೆ ಬಂದಾಗ ಗೋಡೆಗೆ ಒರಗಿಸಿ ಮಾದೇವನ ಫೋಟೋ ಇಟ್ಟಿದ್ದೆ. ಮುಂದೆ ಹೊಸ ಪಂಚೆ, ಎಲೆ, ಮುದ್ದೆ, ಹುರುಳಿ ಬಸ್ಸಾರು, ಪಕ್ಕದಲ್ಲಿ ಒಂದು ಸಣ್ಣ ಬಾಟಲಿ.

"ಯಾರಿದು ಆಯಾ?"

ಹೇಳಿದೆ. ಬಾಗಿಲು ಬಡಿದದ್ದು, ತೆಗೆಯದೇ ಇದ್ದದ್ದು, ಬೆಲ್ಲ ಕೊಟ್ಟು ಕಲಿಸಿದ್ದು, ಬಸ್‌ಸ್ಟ್ಯಾಂಡಿನ ಸುಳ್ಳು, ಎಲ್ಲವನ್ನೂ. ಹೇಳಿ ಮುಗಿಸುವ ತನಕ ಅವಳು ಕೂರಲಿಲ್ಲ. ಆಮೇಲೆ ಫೋಟೋದ ಮುಂದೆ ಬಗ್ಗಿ, ಕೆಳಭಾಗವನ್ನೇ ನೋಡಿದಳು.

"ಇವ್ರಿಗೆ ಕಾಲು ಅದೆ" ಅಂದಳು.

ಅಲ್ಲಿಂದ ಎಲೆಯ ಕಡೆ ನೋಡಿದಳು. "ಅದಕ್ಕೇನಾ ನಿಲಯದಲ್ಲಿ ಹಬ್ಬ ಬಂದ್ರೆ ಸಾಕು, ಹುರುಳಿ ಸಾರು ಮಾಡಿ ಸಾಯಿಸ್ತಿದ್ದೆ?"

"ಊಂ ಕಣವ್ವ."

"ನಂಗೆ ಆ ಸಾರು ಕಂಡ್ರಾಗ್ತಿರ್ಲಿಲ್ಲ."

ಅವಳು ತನ್ನ ಬ್ಯಾಗಿನ ಜಿಪ್ಪು ಎಳೆದು, ಪುಸ್ತಕದ ನಡುವಿನಿಂದ ಇನ್ನೊಂದು ಫೋಟೋ ತೆಗೆದಳು. ಕಟ್ಟು ಗಾಜು ಇರಲಿಲ್ಲ, ಮೂಲೆ ಮುದುರಿತ್ತು, ನೀಲಿ ಗುಂಡಿ ಹಾಗೇ ಇತ್ತು. ಅದನ್ನು ಮಾದೇವನ ಪಕ್ಕದಲ್ಲಿ ಒರಗಿಸಿಟ್ಟಳು.

"ಇನ್ನೊಂದು ಎಲೆ ಹಾಕು ಆಯಾ. ಇವ್ರ ಎಲೆ ಪಕ್ಕ ಬಾಟ್ಲಿ ಮಡಗ್ಬ್ಯಾಡ, ಇವ್ರು ಕುಡಿಯಲ್ಲ."

"ಅವ್ನು ಯಾರೋ ಏನೋ ಕಣೇ ಶಿಲ್ಪ. ರಾಜಣ್ಣನ ಡ್ರಾಯರಲ್ಲಿ ಸಿಕ್ಕಿದ್ದ."

"ನಾನು ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ್ನಲ್ಲ, ಹಂಗೆ" ಅಂದಳು. "ಅಷ್ಟು ವರ್ಷ ನನ್ ಮಾತೆಲ್ಲಾ ಕೇಳಿಸ್ಕೊಂಡೋರು ಇವ್ರೇ."

ಎಲೆ ಹಾಕಿದೆ. ಬಡಿಸಿದೆ. ಬಾಗಿಲು ಮುಚ್ಚಿ ಇಬ್ಬರೂ ಜಗಲಿಯ ಮೇಲೆ ಕೂತೆವು. ಬೀದಿಯಲ್ಲಿ ಎಲ್ಲ ಮನೆಗಳ ಬಾಗಿಲೂ ಹಾಗೆಯೇ ಮುಚ್ಚಿತ್ತು, ಜನ ಹೊರಗೆ ಕೂತು ಹರಟುತ್ತಿದ್ದರು. ಬಹಳ ಹೊತ್ತು ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಕೊನೆಗೆ ಆಡಿದೆ.

"ಇನ್ಮ್ಯಾಲೆ ನೀನು ಅತ್ತೆ ಅನ್ಬೋದು ಕಣವ್ವ."

ಅವಳು ಪ್ರಯತ್ನ ಪಡುವವಳ ಹಾಗೆ ಬಾಯಿ ತೆರೆದಳು, ಮುಚ್ಚಿದಳು. "ಬತ್ತಾ ಇಲ್ಲ ಆಯಾ" ಅಂದಳು. ಕೋಪದಲ್ಲಿ ಹೇಳಿದ್ದಲ್ಲ. ನಾನು ಚೆನ್ನಾಗಿಯೇ ಕಲಿಸಿದ್ದೆ.

ಅಕ್ಕಪಕ್ಕದವರು ಒಬ್ಬೊಬ್ಬರಾಗಿ ಬಾಗಿಲು ಬಡಿದು ಒಳಗೆ ಹೋದರು. ನಾನು ಅವಳ ಮುಖ ನೋಡಿದೆ.

"ನಿಮ್ಮಪ್ಪಂಗೆ ಎಡೆ ಹಾಕಿರೋದು. ನೀನೇ ಬಡಿ."

"ಒಳಗೆ ಇಬ್ರವ್ರೆ" ಅಂದಳು ಶಿಲ್ಪ. "ಒಬ್ರು ನಂಗೊತ್ತು, ನಂಗೆ ಬೈಯಲ್ಲ. ಇನ್ನೊಬ್ರು ನಿಂಗೊತ್ತು. ನೀನೇ ಬಡಿ."

ಎದ್ದು ಬಾಗಿಲ ಮುಂದೆ ನಿಂತೆ. ಮೆಲ್ಲಗೆ ಎರಡು ಸಲ ಬಡಿದೆ. ಸ್ವಲ್ಪ ಕಾದು, ಕೆಮ್ಮಿದೆ.